ಸತ್ತ ಕುದುರೆಯ ಬಾಲ, ಹರಿಗೋಲು ಮತ್ತು ಹೇರೆತ್ತು

ಹಾರ್ಮುಜ್ ಅಥವಾ ಏಡನ್ನಿನಿಂದ ಹೊರಟ ಹಡಗು ನಮ್ಮ ಪಶ್ಚಿಮ ಕರಾವಳಿಯನ್ನು ಮುಟ್ಟುವುದರೊಳಗೆ ಕೆಲವು ಕುದುರೆಗಳು ಸಮುದ್ರದ ಮೇಲೆಯೇ ಸತ್ತುಹೋಗುತ್ತಿದ್ದವು. ವ್ಯಾಪಾರಿಗಳು ಸತ್ತ ಕುದುರೆಯ ಬಾಲವನ್ನು ಮಾತ್ರ ಕತ್ತರಿಸಿ ತರುತ್ತಿದ್ದರು. ಬಾಲವನ್ನು ತೋರಿಸಿದರೆ ಸಾಕು, ವಿಜಯನಗರದ ದೊರೆ ಸಾಳುವ ನರಸಿಂಹ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದ. ಸತ್ತದ್ದಾಗಲಿ ಬದುಕಿದ್ದಾಗಲಿ, ಸಾವಿರ ಪರ್ದಾವೊಗಳಿಗೆ ಮೂರು ಕುದುರೆ ಎಂಬುದು ಆಗಿನ ದರ. ಪರ್ದಾವೊ ಎಂದರೆ ಸುಮಾರಾಗಿ ನಮ್ಮ ವರಾಹವೇ. ಇದನ್ನು ಬರೆದಿಟ್ಟವನು ಪೋರ್ಚುಗೀಸ್ ಪ್ರವಾಸಿ ಫರ್ನಾವೊ ನ್ಯೂನಿಜ್. 1535ರ ಆಸುಪಾಸಿನಲ್ಲಿ ವಿಜಯನಗರದಲ್ಲಿದ್ದ ಈತ ಸ್ವತಃ ಕುದುರೆ ವ್ಯಾಪಾರಿ. ಆದ್ದರಿಂದ ಈ ವಿಷಯದಲ್ಲಿ ಅವನ ಮಾತಿಗೆ ತೂಕವಿದೆ.

ಇದನ್ನು ಓದಿದವರಿಗೆ ದೊರೆ ಮೋಸಹೋದ ಎನ್ನಿಸಬಹುದು. ನಿಜವಾಗಿ ನರಸಿಂಹ ಮೋಸಹೋಗಲಿಲ್ಲ. ಸಮುದ್ರದ ಅಪಾಯ ವ್ಯಾಪಾರಿಯ ತಲೆಯ ಮೇಲೆಯೇ ಇದ್ದರೆ ಅವನು ಕುದುರೆ ತರುವುದನ್ನೇ ಬಿಟ್ಟಾನು, ಇಲ್ಲವೆ ಶತ್ರುವಿಗೆ ಮಾರಿಯಾನು. ಆ ಅಪಾಯವನ್ನು ಬೊಕ್ಕಸವೇ ಹೊತ್ತುಕೊಂಡರೆ ಕುದುರೆಗಳು ತಪ್ಪದೆ ಬರುತ್ತವೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ರಕ್ಷಣಾ ಗುತ್ತಿಗೆಯ ಒಂದು ಷರತ್ತು.

ಯುದ್ಧದ ಚರಿತ್ರೆಯೆಂದರೆ ನಮಗೆ ದೊರೆಗಳ, ದಳವಾಯಿಗಳ ಚರಿತ್ರೆ. ಆದರೆ ದಂಡು ನಡೆಯಬೇಕಾದರೆ ಕುದುರೆಯನ್ನು ಪಳಗಿಸುವವನು ಬೇಕು, ಹೊಳೆ ದಾಟಿಸುವವನು ಬೇಕು, ದವಸ ಹೊರುವವನು ಬೇಕು. ಇವರು ಸೈನಿಕರಲ್ಲ. ಆದರೂ ಇವರಿಲ್ಲದೆ ಸೈನ್ಯವಿಲ್ಲ. ಇವರನ್ನು ಸಂಬಳಕ್ಕೆ ಇಟ್ಟುಕೊಳ್ಳಬೇಕೆ, ಗುತ್ತಿಗೆಗೆ ಹಿಡಿಯಬೇಕೆ, ಕಷ್ಟ ಬಂದಾಗ ನಷ್ಟ ಯಾರದು ಎಂಬ ಪ್ರಶ್ನೆಗಳು ಇಂದು ನೌಕಾಪಡೆಯ ಪೂರೈಕೆ ಹಡಗುಗಳ ವಿಷಯದಲ್ಲೂ ವಾಯುಪಡೆಯ ತರಬೇತಿ ವಿಮಾನಗಳ ವಿಷಯದಲ್ಲೂ ಎದ್ದುನಿಂತಿವೆ. ಹಂಪಿ, ಹೊಸಪೇಟೆ, ಕಂಪ್ಲಿ, ಸಂಡೂರುಗಳ ಸೀಮೆಗೆ ಇವು ಹಳೆಯ ಪ್ರಶ್ನೆಗಳೇ.

ಕುದುರೆಯ ಲೆಕ್ಕ

ಹಂಪಿಗೆ ಹೋದವರು ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳನ್ನು ಹಿಡಿದು ನಡೆಸುತ್ತಿರುವ ಪರದೇಶಿ ವ್ಯಾಪಾರಿಗಳನ್ನು ನೋಡಿರಬಹುದು. ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೂ ಕುದುರೆಗಳ ಸಾಲು ಸಾಲೇ ಇದೆ. ಕೃಷ್ಣದೇವರಾಯನ ಅನಂತರದ ಕಾಲದಲ್ಲಿ ದೊರೆ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನ್ಯೂನಿಜ್ ಬರೆಯುತ್ತಾನೆ. ಇವುಗಳಲ್ಲಿ ಹಾರ್ಮುಜಿನ ಕುದುರೆಗಳೂ ಇದ್ದವು, ದೇಶಿ ಕುದುರೆಗಳೂ ಇದ್ದವು.

ಇಷ್ಟೊಂದು ಹಣ ಎಲ್ಲಿಂದ ಬರುತ್ತಿತ್ತು? ಅದರ ಏರ್ಪಾಡು ಕುತೂಹಲಕರವಾಗಿದೆ. ದೊರೆ ಒಳ್ಳೆಯ ಕುದುರೆಗಳನ್ನು ತನ್ನ ಲಾಯಕ್ಕೆ ಆರಿಸಿಕೊಂಡು, ಉಳಿದವನ್ನು ಸಾವಿರ ಪರ್ದಾವೊಗೆ ಐದರಂತೆ ತನ್ನ ನಾಯಕರಿಗೆ ಮಾರುತ್ತಿದ್ದ. ನಾಯಕರು ಸೆಪ್ಟೆಂಬರ್ ತಿಂಗಳಲ್ಲಿ ಆ ಹಣವನ್ನು ತೆರಬೇಕು. ಅದೇ ಹಣದಿಂದ ಪೋರ್ಚುಗೀಸರ ಬಾಕಿ ತೀರುತ್ತಿತ್ತು. ಹೀಗೆ ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗದೆ ಅರಬ್ಬೀ ಕುದುರೆಗಳು ದೊರೆಯ ಲಾಯಕ್ಕೆ ಬರುತ್ತಿದ್ದವು.

ಈ ನಾಯಕರು ಕೂಡ ಒಂದು ಬಗೆಯ ಗುತ್ತಿಗೆದಾರರೇ. ಅಮರನಾಯಕರೆಂದು ನಾವು ಕರೆಯುವ ಇವರಿಗೆ ದೊರೆ ಸೀಮೆಯನ್ನು ಬಿಟ್ಟುಕೊಡುತ್ತಿದ್ದ. ಅದಕ್ಕೆ ಪ್ರತಿಯಾಗಿ ಅವರು ಇಂತಿಷ್ಟು ಕಾಲಾಳು, ಇಂತಿಷ್ಟು ಕುದುರೆ, ಇಂತಿಷ್ಟು ಆನೆಗಳನ್ನು ಸದಾ ಸಿದ್ಧವಾಗಿ ಇಟ್ಟಿರಬೇಕು. ಇಂಥವರು ಇನ್ನೂರಕ್ಕೂ ಹೆಚ್ಚು ಮಂದಿ ಇದ್ದರು. ರಾಜ್ಯದ ಹುಟ್ಟುವಳಿ 120 ಲಕ್ಷ ಪರ್ದಾವೊ, ಅದರಲ್ಲಿ 60 ಲಕ್ಷ ದೊರೆಗೆ ಸಲ್ಲಬೇಕು, ಉಳಿದದ್ದು ದಂಡಿನ ಖರ್ಚಿಗೆ ಎಂಬುದು ನ್ಯೂನಿಜನ ಲೆಕ್ಕ. ಸಂಖ್ಯೆಗಳಲ್ಲಿ ಅತಿಶಯವಿರಬಹುದು. ಆದರೆ ಹೊರೆ ಕೊನೆಗೆ ಯಾರ ಹೆಗಲಿಗೆ ಬಂತೆಂಬುದನ್ನೂ ಅವನು ಮುಚ್ಚಿಡುವುದಿಲ್ಲ. ಒಕ್ಕಲುಗಳು ಬೆಳೆದದ್ದರ ಹತ್ತರಲ್ಲಿ ಒಂಬತ್ತು ಪಾಲನ್ನು ತಮ್ಮ ಒಡೆಯರಿಗೆ ಕೊಡುತ್ತಾರೆ ಎನ್ನುತ್ತಾನೆ. ಸಮುದ್ರದಲ್ಲಿ ಸತ್ತ ಕುದುರೆಯ ಬೆಲೆಯೂ ಕೊನೆಗೆ ಹೊಲದಲ್ಲೇ ಹುಟ್ಟಬೇಕಾಗಿತ್ತು.

ಕುದುರೆ ಕೊಂಡರೆ ಕೆಲಸ ಮುಗಿಯುವುದಿಲ್ಲ. ದೊರೆಯ ಬಳಿ ಕುದುರೆಗಳನ್ನು ನೋಡಿಕೊಳ್ಳುವವರು 1,600 ಮಂದಿ, ಪಳಗಿಸುವವರು 300 ಮಂದಿ ಇದ್ದರು. ಕಮ್ಮಾರ, ಬಡಗಿ, ಕಲ್ಲುಕುಟಿಗ, ಅಗಸ ಮೊದಲಾದವರು 2,000 ಮಂದಿ. ಇವರಿಗೆಲ್ಲ ಅರಮನೆಯ ಬಾಗಿಲಲ್ಲಿ ದಿನದಿನವೂ ಪಡಿ ಸಿಗುತ್ತಿತ್ತು. ಗಮನಿಸಬೇಕಾದ ಸಂಗತಿಯೆಂದರೆ ಕುದುರೆಯನ್ನು ಹೊರಗಿನಿಂದ ತರಿಸಿದ ರಾಜ್ಯ, ಕುದುರೆಯನ್ನು ಬಲ್ಲವನನ್ನು ಮಾತ್ರ ತನ್ನ ಸಂಬಳದಲ್ಲೇ ಇಟ್ಟುಕೊಂಡಿತ್ತು.

ಅದಕ್ಕೆ ಕಾರಣವಿತ್ತು. 13ನೆಯ ಶತಮಾನದಲ್ಲಿ ತಮಿಳು ಕರಾವಳಿಯ ಕುದುರೆ ವ್ಯಾಪಾರವನ್ನು ಕುರಿತು ಬರೆದ ಮಾರ್ಕೊ ಪೋಲೊ ಒಂದು ಮಾತು ಹೇಳುತ್ತಾನೆ. ಲಾಳ ಕಟ್ಟಿ ಕುದುರೆಗೆ ಮದ್ದು ಮಾಡಬಲ್ಲವರು ಅಲ್ಲಿಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರಂತೆ. ಆರೈಕೆಯಿಲ್ಲದೆ ಕುದುರೆಗಳು ಸತ್ತಷ್ಟೂ ಮರುವರ್ಷದ ವ್ಯಾಪಾರ ಹೆಚ್ಚು. ಮಾಲನ್ನು ಮಾರಿ ರಿಪೇರಿಯ ವಿದ್ಯೆಯನ್ನು ಬಚ್ಚಿಟ್ಟುಕೊಳ್ಳುವ ಈ ಜಾಣ್ಮೆ ಇಂದಿನ ಶಸ್ತ್ರಾಸ್ತ್ರ ಮಾರುಕಟ್ಟೆಯವರಿಗೆ ಅಪರಿಚಿತವೇನಲ್ಲ.

ಲೆಕ್ಕಪತ್ರದ ಬಿಗಿಯೂ ಕಾಲಕ್ರಮದಲ್ಲಿ ಹೆಚ್ಚಿತು. ದೊರೆ ತನ್ನ ರಾವುತರಿಗೆ ಪುಕ್ಕಟೆಯಾಗಿ ಕೊಡುತ್ತಿದ್ದ ಕುದುರೆಗಳ ಮೈಮೇಲೆ ಅರಮನೆಯ ಮುದ್ರೆ ಇರುತ್ತಿತ್ತು. ಕುದುರೆ ಸತ್ತರೆ ಮುದ್ರೆಯಿರುವ ಚರ್ಮದ ತುಂಡನ್ನು ಲಾಯದ ಮುಖ್ಯಾಧಿಕಾರಿಗೆ ಒಪ್ಪಿಸಬೇಕು, ಆಗ ಮಾತ್ರ ಮತ್ತೊಂದು ಕುದುರೆ. ವ್ಯಾಪಾರಿಗೆ ಬಾಲ ಸಾಕಾಗಿತ್ತು, ರಾವುತನಿಗೆ ಮುದ್ರೆಯ ಚರ್ಮವೇ ಬೇಕಾಯಿತು.

ಗುತ್ತಿಗೆ ಮುರಿದು ಬಂದ ಯುದ್ಧ

ಕುದುರೆಗಾಗಿ ಕೊಟ್ಟ ಮುಂಗಡ ಹಣವೇ ಒಮ್ಮೆ ಯುದ್ಧಕ್ಕೆ ಎಡೆಮಾಡಿತು. ಗೋವೆಯಲ್ಲಿ ಕುದುರೆ ಕೊಂಡು ತರಲೆಂದು ಕೃಷ್ಣದೇವರಾಯ ಸೀದಿ ಮರ್ಕಾರ್ ಎಂಬ ತನ್ನ ನಂಬಿಕೆಯವನಿಗೆ 40,000 ಪರ್ದಾವೊ ಕೊಟ್ಟು ಕಳಿಸಿದ. ಅವನು ಗೋವೆಯ ಬಳಿಯ ಪೋಂಡಾದವರೆಗೆ ಹೋಗಿ, ಅಲ್ಲಿಂದ ಹಣದ ಸಮೇತ ಬಿಜಾಪುರದ ಆದಿಲಶಾಹನ ಆಶ್ರಯಕ್ಕೆ ಓಡಿಹೋದ. ರಾಯ ಅವನನ್ನು ಒಪ್ಪಿಸುವಂತೆ ಕೇಳಿದ, ಆದಿಲಶಾಹ ಒಪ್ಪಿಸಲಿಲ್ಲ. ರಾಯಚೂರಿನ ಮೇಲೆ ರಾಯನಿಗೆ ಮೊದಲೇ ಕಣ್ಣಿತ್ತು, ಈಗ ನೆಪವೂ ಸಿಕ್ಕಿತು. 1520ರ ರಾಯಚೂರು ಯುದ್ಧಕ್ಕೆ ನ್ಯೂನಿಜ್ ಕೊಡುವ ಕಾರಣ ಇದು. ಆ ಪಾಳೆಯಕ್ಕೆ ಕುದುರೆ ಮಾರಲು ಬಂದ ಕ್ರಿಸ್ತೊವಾವೊ ಡಿ ಫಿಗೆರೆದೊ ಎಂಬ ಪೋರ್ಚುಗೀಸ್ ವ್ಯಾಪಾರಿ, ತನ್ನ ಜೊತೆಯ ಬಂದೂಕುಗಾರರೊಂದಿಗೆ ಕೋಟೆಯ ಮುತ್ತಿಗೆಯಲ್ಲಿ ನೆರವಾದ. ಮಾರಾಟಕ್ಕೆ ಬಂದವನೇ ಹೋರಾಟಕ್ಕೂ ನಿಂತ.

ಆದರೆ ವ್ಯಾಪಾರಿ ಎಂದೂ ಒಂದೇ ಪಕ್ಷದವನಲ್ಲ. 1510ರಲ್ಲಿ ಗೋವೆ ಹಿಡಿದ ಅಲ್ಬುಕರ್ಕ್ ಕುದುರೆಗಳನ್ನು ವಿಜಯನಗರಕ್ಕೂ ಬಿಜಾಪುರಕ್ಕೂ ತೋರಿಸಿ ಇಬ್ಬರನ್ನೂ ಹಿಡಿತದಲ್ಲಿಡಲು ನೋಡಿದ. ಕೊನೆಗೆ 1547ರಲ್ಲಿ ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕು, ಬಿಜಾಪುರಕ್ಕೆ ಹೋಗಕೂಡದು ಎಂದು ಪೋರ್ಚುಗೀಸರೊಡನೆ ಒಪ್ಪಂದವಾಯಿತು. ದಂಡಿನ ಬಲ ದೂರದ ಬಂದರಿನವರ ಮನಸ್ಸಿನ ಮೇಲೆ ನಿಂತಿತ್ತೆಂಬುದಕ್ಕೆ ಆ ಕರಾರೇ ಸಾಕ್ಷಿ.

ದಾಟಿಸುವವರು

ಕುದುರೆ ಬಂತು, ದಂಡು ಸೇರಿತು. ಹೊಳೆ ದಾಟುವುದು ಹೇಗೆ? ರಾಜಧಾನಿಯ ಎದುರಿಗೇ ತುಂಗಭದ್ರೆ, ಅದರಾಚೆ ಕೃಷ್ಣೆ. ಸುಮಾರು 1520ರಲ್ಲಿ ಬಂದಿದ್ದ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟಿಸುವ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿಗಳು, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಕೂರಬಹುದು. ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು, ಆದರೆ ಅವು ಹೆಚ್ಚಾಗಿ ಈಜಿಯೇ ದಾಟುತ್ತವೆ. ದೋಣಿ ನೆಟ್ಟಗೆ ಹೋಗುವುದಿಲ್ಲ, ತಿರುಗುತ್ತಲೇ ಇರುತ್ತದೆ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ದೋಣಿಯೇ ಇಲ್ಲ ಎಂದೂ ಹೇಳುತ್ತಾನೆ.

ಇಂದು ಹಂಪಿಯ ದಡದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಗಿರಗಿರನೆ ತಿರುಗುವ ಹರಿಗೋಲು ಅದೇ. ಚರ್ಮದ ಬದಲು ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ. ದಂಡಿಗೆ ಇದರಿಂದ ಇದ್ದ ಅನುಕೂಲ ದೊಡ್ಡದು. ದೋಣಿಗಳನ್ನು ಗಾಡಿಯ ಮೇಲೆ ಹೊತ್ತೊಯ್ಯಬೇಕಾಗಿಲ್ಲ. ಬಿದಿರು ಮತ್ತು ಚರ್ಮ ಇದ್ದರೆ ಹೊಳೆಯ ದಡದಲ್ಲೇ ಹೆಣೆಯಬಹುದು. 1803ರಲ್ಲಿ ಹರಿಹರದಿಂದ ಪುಣೆಗೆ ದಂಡೆತ್ತಿ ಹೋದ ಆರ್ಥರ್ ವೆಲ್ಲೆಸ್ಲಿ ಕೂಡ ಹೊಳೆಗಳ ಬಳಿ ಇಂಥ ಬುಟ್ಟಿದೋಣಿಗಳನ್ನು ಸಿದ್ಧವಾಗಿಡಲು ಆಜ್ಞೆ ಮಾಡಿದ್ದ.

ಹರಿಗೋಲನ್ನು ಹೆಣೆಸಬಹುದು, ಹುಟ್ಟು ಹಾಕುವವನನ್ನು ಹೆಣೆಸಲಾಗುವುದಿಲ್ಲ. ಎಲ್ಲಿ ಬಂಡೆ ನೀರಿನಲ್ಲಿ ಅಡಗಿದೆ, ಎಲ್ಲಿ ಸುಳಿಯಿದೆ, ಯಾವ ತಿಂಗಳಲ್ಲಿ ಯಾವ ಘಟ್ಟ ದಾಟಲು ಸಲೀಸು ಎಂಬುದನ್ನು ಆ ದಡದ ಅಂಬಿಗನೇ ಬಲ್ಲ. ತಳವಾರಘಟ್ಟದ ಅಂಬಿಗನ ಅರಿವು ಕಂಪ್ಲಿಯಲ್ಲಿ ಅಷ್ಟಾಗಿ ನಡೆಯದು. 1565ರ ಯುದ್ಧದಲ್ಲಿ ಕೃಷ್ಣೆಯ ಕಡವನ್ನು ವಿಜಯನಗರದ ದಂಡು ಕಾಯುತ್ತಿತ್ತು. ಸುಲ್ತಾನರ ಪಡೆ ಬೇರೊಂದು ಕಡೆ ದಾಟುವಂತೆ ನಟಿಸಿ ಹೊಳೆಗುಂಟ ಸಾಗಿತು. ವಿಜಯನಗರದ ದಂಡು ಅದರ ಬೆನ್ನು ಹತ್ತಿ ಹೋಯಿತು, ಅವರು ತಿರುಗಿ ಬಂದು ಕಾವಲಿಲ್ಲದ ಕಡದಲ್ಲೇ ದಾಟಿದರು ಎಂದು ಫೆರಿಷ್ತಾ ಬರೆಯುತ್ತಾನೆ. ಸಾಮ್ರಾಜ್ಯದ ಹಣೆಬರಹ ಒಂದು ದಾಟುಘಟ್ಟದ ಮೇಲೆ ನಿಂತಿತ್ತು.

ಹೊರುವವರು

ರಾಯಚೂರಿನ ಪಾಳೆಯವನ್ನು ವರ್ಣಿಸುವಾಗ ನ್ಯೂನಿಜನಿಗೆ ಅಚ್ಚರಿಯೆನಿಸಿದ್ದು ಕತ್ತಿಗಳಲ್ಲ, ಹುಲ್ಲು. ಆ ಬರಡು ನೆಲದಲ್ಲಿ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಕುದುರೆಗಳಿಗೆ, 551 ಆನೆಗಳಿಗೆ ದಿನದಿನವೂ ಹುಲ್ಲು ಎಲ್ಲಿಂದ ಬರುತ್ತಿತ್ತೋ ಎಂದು ಬೆರಗಾಗುತ್ತಾನೆ. ದಾರಿಯಲ್ಲಿ ಯಾರೂ ಬಾಯಾರಿ ಬೀಳದಂತೆ ನೀರು ಕೊಡಲು 12,000 ಜನರಿದ್ದರು. ಡೇರೆ, ದವಸಗಳನ್ನು ಹೊತ್ತ ಎತ್ತುಗಳಿಗೆ ಅವನು ಲೆಕ್ಕವನ್ನೇ ಕೊಡುವುದಿಲ್ಲ.

ಮುಂದಿನ ಶತಮಾನಗಳಲ್ಲಿ ದಖನ್ನಿನ ದಂಡುಗಳಿಗೆ ಈ ಕೆಲಸ ಮಾಡಿದವರಲ್ಲಿ ಮುಖ್ಯರು ಬಂಜಾರರು, ನಾವು ಲಂಬಾಣಿಗರು ಎನ್ನುವವರು. ವಿಜಯನಗರದ ಎತ್ತುಗಳನ್ನು ಹೊಡೆದವರು ಇವರೇ ಎನ್ನಲು ಬಾರದು. ಇವರಲ್ಲಿ ಬಹಳಷ್ಟು ಜನ ಮೊಗಲರ ದಂಡಿನ ದವಸ ಹೊತ್ತು 17ನೆಯ ಶತಮಾನದಲ್ಲಿ ದಕ್ಷಿಣಕ್ಕೆ ಬಂದರು. ಇವರು ಯಾವ ದೊರೆಯ ಆಳೂ ಆಗಿರಲಿಲ್ಲ. ದವಸವನ್ನು ತಾವೇ ಕೊಂಡು, ತಮ್ಮದೇ ಎತ್ತುಗಳ ಮೇಲೆ ಹೇರಿ, ಹೆಂಡತಿ ಮಕ್ಕಳ ಸಮೇತ ತಾಂಡಾ ಕಟ್ಟಿಕೊಂಡು ಪಾಳೆಯಕ್ಕೆ ತಂದು ಮಾರುತ್ತಿದ್ದರು. ಎರಡೂ ಕಡೆಯವರಿಗೆ ಬೇಕಾದವರಾದ್ದರಿಂದ ಸಾಮಾನ್ಯವಾಗಿ ಇವರನ್ನು ಯಾರೂ ತಡೆಯುತ್ತಿರಲಿಲ್ಲ.

ಇಂಥ ಹೊರೆಗಾರರು ಇಲ್ಲದಿದ್ದರೆ ಏನಾಗುತ್ತದೆಂಬುದು 1791ರ ಮೇ ತಿಂಗಳಲ್ಲಿ ಗೊತ್ತಾಯಿತು. ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು, ಅರಕೆರೆಯ ಬಳಿ ಟಿಪ್ಪುವಿನ ದಂಡನ್ನು ಹಿಮ್ಮೆಟ್ಟಿಸಿಯೂ ಮುಂದೆ ಹೋಗಲಾರದೆ ಹಿಂತಿರುಗಿದ. ದವಸ ತೀರಿತ್ತು, ಎತ್ತುಗಳು ಸಾಯುತ್ತಿದ್ದವು. ಎಳೆಯುವವರಿಲ್ಲದ ಭಾರೀ ಫಿರಂಗಿಗಳನ್ನು ತಾನೇ ನಾಶಮಾಡಬೇಕಾಯಿತು. ಹಿಂದಿರುಗುವ ದಾರಿಯಲ್ಲಿ ಎದುರಾದ ಮರಾಠರ ಪಾಳೆಯದ ತುಂಬಿದ ಬಜಾರು ಅವನ ಹಸಿದ ದಂಡನ್ನು ಉಳಿಸಿತು, ದುಬಾರಿ ಬೆಲೆಗೆ. ಆಮೇಲೆ ಕಂಪನಿಯವರು ಬಂಜಾರರನ್ನು ಓಲೈಸಿ ದವಸದ ಏರ್ಪಾಡು ಮಾಡಿಕೊಂಡೇ 1792ರಲ್ಲಿ ಮತ್ತೆ ಬಂದರು.

ಮೈಸೂರಿನವರು ಬೇರೆ ದಾರಿ ಹಿಡಿದಿದ್ದರು. ಎತ್ತುಗಳನ್ನು ಬಾಡಿಗೆಗೆ ಪಡೆಯುವ ಬದಲು ಸರಕಾರವೇ ಸಾಕುವ ಕ್ರಮ ಅದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರ್ ದಂಡಿಗೆ ಬಳಸಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಅದಕ್ಕಾಗಿಯೇ ಕಾವಲುಗಳೆಂಬ ಹುಲ್ಲುಗಾವಲುಗಳಿದ್ದವು. ಈ ಎತ್ತುಗಳ ಬಲದಿಂದ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ನೆರವು ಒಯ್ದನೆಂದು ಹೇಳುತ್ತಾರೆ. 1799ರ ಅನಂತರ ಇದು ಬ್ರಿಟಿಷರ ಕೈಸೇರಿತು. 1860ರಲ್ಲಿ ಉಳಿತಾಯದ ಹೆಸರಿನಲ್ಲಿ ಮದರಾಸು ಸರಕಾರ ಇಲಾಖೆಯನ್ನು ಮುಚ್ಚಿ ಮಂದೆಗಳನ್ನು ಮಾರಿಬಿಟ್ಟಿತು. ತಪ್ಪು ಬೇಗನೆ ಅರಿವಾಗಿ 1866ರಲ್ಲಿ ಮತ್ತೆ ಪ್ರಾರಂಭಿಸಬೇಕಾಯಿತು. ಮಾರುವುದಕ್ಕೆ ಒಂದು ಆಜ್ಞೆ ಸಾಕಾಗಿತ್ತು, ತಳಿಯನ್ನು ಮತ್ತೆ ಕೂಡಿಸಲು ವರ್ಷಗಳೇ ಬೇಕಾದವು.

ಹೊಸ ಕಾಲದ ಹರಿಗೋಲು

ಈಗ ನಮ್ಮ ಕಾಲಕ್ಕೆ ಬರೋಣ. ಸಮುದ್ರದ ನಡುವೆ ಯುದ್ಧನೌಕೆಗಳಿಗೆ ಇಂಧನ, ಆಹಾರ, ಮದ್ದುಗುಂಡು ಒಯ್ದು ಕೊಡುವ ಹಡಗುಗಳೇ ಇಂದಿನ ಹೇರೆತ್ತುಗಳು. ಇಂಥ 5 ಹಡಗುಗಳಿಗಾಗಿ 2023ರ ಆಗಸ್ಟಿನಲ್ಲಿ ನಮ್ಮ ರಕ್ಷಣಾ ಇಲಾಖೆ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನೊಡನೆ ಸುಮಾರು 19,000 ಕೋಟಿ ರೂಪಾಯಿಯ ಕರಾರು ಮಾಡಿಕೊಂಡಿತು. ಬ್ರಿಟನ್ನಿನಲ್ಲಿ ಇಂಥ ಹಡಗುಗಳನ್ನು ನಡೆಸುವವರು ನೌಕಾಪಡೆಯ ಸೈನಿಕರಲ್ಲ, ನಾಗರಿಕ ನಾವಿಕರು. ಸಂಬಳ ಸಾಲದೆಂದು ಅವರು 2024ರಲ್ಲಿ ಮುಷ್ಕರ ಹೂಡಿದರು. ಜನ ಸಾಲದೆ ಹಡಗುಗಳೇ ದಡದಲ್ಲಿ ನಿಂತದ್ದೂ ಉಂಟು. ಹರಿಗೋಲಿದ್ದು ಅಂಬಿಗನಿಲ್ಲದ ಸ್ಥಿತಿಯೇ ಅದು.

ತರಬೇತಿ ವಿಮಾನದ ಕತೆ ನಮ್ಮ ಬೆಂಗಳೂರಿನದೇ. 1951ರಲ್ಲಿ ಎಚ್.ಟಿ.-2 ಎಂಬ ತರಬೇತಿ ವಿಮಾನ ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಿಂದ ಹಾರಿತು. ಮುಂದೆ ಎಚ್.ಪಿ.ಟಿ.-32 ಬಂತು. ಅಪಘಾತಗಳ ಬಳಿಕ 2009ರಲ್ಲಿ ಅದನ್ನು ನೆಲಕ್ಕಿಳಿಸಿದಾಗ, ಹೊಸ ಪೈಲಟ್‌ಗಳಿಗೆ ಮೊದಲ ಪಾಠ ಹೇಳಲು ಬೇರೆ ವಿಮಾನ ಸಿದ್ಧವಿರಲಿಲ್ಲ. ಮುಂದಿನ ಹಂತದ ಕಿರಣ್ ಜೆಟ್ ವಿಮಾನಗಳಲ್ಲೇ ಆ ಪಾಠ ನಡೆಸಬೇಕಾಯಿತು. 2012ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಕಂಪನಿಯಿಂದ 75 ವಿಮಾನಗಳನ್ನು ಕೊಳ್ಳುವ ಒಪ್ಪಂದವಾಯಿತು. ಬೆಂಗಳೂರಿನಲ್ಲೇ ರೂಪಿಸಿದ ಎಚ್.ಟಿ.ಟಿ.-40 ಮೊದಲು ಹಾರಿದ್ದು 2016ರಲ್ಲಿ. ಅಂಥ 70 ವಿಮಾನಗಳಿಗೆ ಕರಾರಾದದ್ದು 2023ರ ಮಾರ್ಚಿನಲ್ಲಿ. ಅದರ ಎಂಜಿನ್ ಮಾತ್ರ ಅಮೆರಿಕದ ಹನಿವೆಲ್ ಕಂಪನಿಯದು. ಹಾರ್ಮುಜಿನ ಕುದುರೆ ಇನ್ನೂ ಸಮುದ್ರದಾಚೆಯಿಂದಲೇ ಬರುತ್ತಿದೆ.

ಎಲ್ಲವನ್ನೂ ನಾವೇ ಮಾಡಬೇಕೆಂಬುದು ಈ ಚರಿತ್ರೆಯ ಪಾಠವಲ್ಲ. ವಿಜಯನಗರ ಕುದುರೆಯನ್ನು ಕೊಂಡೇ ಇನ್ನೂರು ವರ್ಷ ಬಾಳಿತು. ಅಪಾಯವನ್ನು ಯಾರು ಹೊರಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಪಳಗಿಸುವ, ರಿಪೇರಿ ಮಾಡುವ ಕೈಗಳನ್ನು ಮಾತ್ರ ಬಿಟ್ಟುಕೊಡಬಾರದು. ಒಮ್ಮೆ ಬಿಟ್ಟರೆ ಅವು ಹಣ ಕೊಟ್ಟರೂ ಬೇಗ ಸಿಗುವುದಿಲ್ಲ.

ಇನ್ನೊಂದು ಮಾತಿದೆ. ಕೆಲಸ ಮುಗಿದ ಮೇಲೆ ಆ ಕೈಗಳು ಏನಾದವು? 19ನೆಯ ಶತಮಾನದಲ್ಲಿ ರಸ್ತೆ ಬಂತು, 1880ರ ದಶಕದಲ್ಲಿ ಹೊಸಪೇಟೆಗೂ ರೈಲು ಬಂತು. ಹೇರೆತ್ತಿನ ಸಾಲುಗಳು ಮಾಯವಾದವು. ಯಾರ ದವಸ ತಿಂದು ಕಂಪನಿಯ ದಂಡು ಗೆದ್ದಿತ್ತೋ ಆ ಬಂಜಾರರನ್ನೇ 1871ರಿಂದೀಚೆಗಿನ ಕಾಯಿದೆಗಳ ಕೆಳಗೆ ಹಲವೆಡೆ ಅಪರಾಧಿ ಬುಡಕಟ್ಟುಗಳೆಂದು ದಾಖಲಿಸಿದರು. ಆ ಕಳಂಕ ಕಾಗದದ ಮೇಲೆ ಅಳಿದದ್ದು 1952ರಲ್ಲಿ. ಇಂದು ಸಂಡೂರಿನ ತಾಂಡಾಗಳ ಹೆಣ್ಣುಮಕ್ಕಳು ಕನ್ನಡಿ ಚೂರು, ಕವಡೆ ಸೇರಿಸಿ ಹಾಕುವ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದನ್ನು ಕೊಳ್ಳುವ ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹಿರಿಯರು ದಂಡಿಗೆ ಅನ್ನ ಹೊತ್ತವರೆಂಬುದು ಗೊತ್ತು?

ತುಂಗಭದ್ರಾ ಅಣೆಕಟ್ಟಿನ ಗೇಟುಗಳನ್ನು ಎತ್ತಿ ಹೆಚ್ಚು ನೀರು ಬಿಟ್ಟಾಗಲೆಲ್ಲ ಕಂಪ್ಲಿಯ ಸೇತುವೆ ಮುಳುಗಿ, ಗಂಗಾವತಿ ಕಡೆಯ ಸಂಪರ್ಕ ಕಡಿದುಹೋಗುತ್ತದೆ. ದಡದಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಹೊಳೆ ದಾಟಿಸುವವರು ಎಷ್ಟು ಮುಖ್ಯವೆಂದು ಆ ನಾಲ್ಕು ದಿನ ಊರಿಗೆ ನೆನಪಾಗುತ್ತದೆ. ನೀರಿಳಿದ ಮೇಲೆ ಮರೆತುಹೋಗುತ್ತದೆ.